ಅಣಬೆ ಡಬ್ಬಿ, ಅಪ್ಪನ ಮಾತ್ರೆ ಮತ್ತು ಅಕಿರಾ ಎಂಡೊ

ಹೋದ ತಿಂಗಳು ಊರಿಗೆ ಹೋದಾಗ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಪಕ್ಕ ಹೊಸದೊಂದು ಡಬ್ಬಿ ಕೂತಿತ್ತು. ಹೊಳೆಯುವ ಹಸಿರು ಲೇಬಲ್ಲು, ಅದರ ಮೇಲೊಂದು ಅಣಬೆಯ ಚಿತ್ರ, ಪಕ್ಕದಲ್ಲಿ ಒಂದು ಕೆಂಪು ಹೃದಯ. ಯಾರದು ಅಂತ ಅಮ್ಮನನ್ನು ಕೇಳಿದೆ. ಅಮ್ಮ ಜಗಲಿ ಕಡೆ ಕಣ್ಣು ಮಾಡಿ, ದನಿ ತಗ್ಗಿಸಿ ಹೇಳಿದಳು: "ನಿಮ್ಮಪ್ಪಂದು. ಮಾತ್ರೆ ಬಿಟ್ಟು ಮೂರು ವಾರ ಆಯ್ತು. ನಾ ಹೇಳ್ದೆ ಅನ್ಬೇಡ."

ಎರಡು ವರ್ಷದ ಹಿಂದೆ ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದೇವೆ. ಅವತ್ತಿಂದ ದಿನಾ ರಾತ್ರಿ ಒಂದು ಕೊಲೆಸ್ಟರಾಲ್ ಮಾತ್ರೆ ತಗೋಬೇಕು. ಅದನ್ನು ಬಿಟ್ಟಿದ್ದಾರೆ ಅಂದ ಕೂಡಲೇ ನನಗೆ ಎಲ್ಲಿತ್ತೋ ಸಿಟ್ಟು, ಡಬ್ಬಿ ಹಿಡಿದುಕೊಂಡೇ ಜಗಲಿಗೆ ಹೋದೆ.

ಅಪ್ಪ ನಿವೃತ್ತ ಗಣಿತದ ಮೇಷ್ಟ್ರು. ಸಿಟ್ಟಿಗೆಲ್ಲ ಬಗ್ಗುವ ಆಸಾಮಿ ಅಲ್ಲ. ಪೇಪರ್ ಮಡಚಿಟ್ಟು ಸಮಾಧಾನವಾಗಿ ಹೇಳಿದರು: "ಆ ಮಾತ್ರೆ ತಗೊಂಡ್ರೆ ನಂಗೆ ಕಾಲು ನೋಯ್ತದೆ ಮಾರಾಯ. ಮೆಟ್ಟಿಲು ಹತ್ತೋಕೆ ಆಗಲ್ಲ. ಡಾಕ್ಟ್ರಿಗೆ ಹೇಳಿದ್ರೆ ವಯಸ್ಸಾಯ್ತಲ್ಲ ಅಂತ ನಕ್ಕು ಕಳಿಸಿದ್ರು. ಇದು ಅಣಬೆ, ನೈಸರ್ಗಿಕ. ಕೊಲೆಸ್ಟರಾಲ್ ಮಾಡೋ ಕಿಣ್ವನೇ ಕಟ್ಟಿ ಹಾಕ್ತದಂತೆ. ಮಾತ್ರೆ ಬರೀ ಕೆಮಿಕಲ್ಲು."

ಇದೆಲ್ಲ ಬೊಗಳೆ ಅಂತ ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಯಾಕಂದ್ರೆ ಅದು ಪೂರ್ತಿ ಬೊಗಳೆಯೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಇಂಜಿನಿಯರಿಂಗ್ ಓದಿದವನಿಗೆ ಕಿಣ್ವ ಅಂದರೆ ಪಿಯುಸಿ ಬಯಾಲಜಿಯ ಅರ್ಧ ನೆನಪು, ಅಷ್ಟೇ. ಬೆಂಗಳೂರಿಗೆ ವಾಪಸ್ ಬರುವ ಬಸ್ಸಿನಲ್ಲಿ ಶುರುವಾದ ಓದು ಒಂದು ವಾರ ನಿದ್ದೆ ಕೆಡಿಸಿತು. ಕೊನೆಗೆ ಸಿಕ್ಕಿದ್ದು ನಾನು ಹುಡುಕಿ ಹೊರಟ ಉತ್ತರಕ್ಕಿಂತ ದೊಡ್ಡ ಕಥೆ. ಅದನ್ನೇ ನಿಮ್ಮ ಜೊತೆ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಒಂದು ಲೋಟ ಕಾಫಿ ಇಟ್ಟುಕೊಂಡು ಓದಿ.

*

ಉತ್ತರ ಜಪಾನಿನಲ್ಲಿ ಅಕಿತಾ ಅಂತ ಒಂದು ಪ್ರಾಂತ್ಯ. ಚಳಿಗಾಲದಲ್ಲಿ ಹಿಮದಲ್ಲಿ ಮುಳುಗಿಹೋಗುವ ಬೆಟ್ಟಗಾಡು ಸೀಮೆ. ಅಲ್ಲಿ ಒಂದು ರೈತ ಕುಟುಂಬದಲ್ಲಿ 1933ರ ನವೆಂಬರ್ 14ರಂದು ಅಕಿರಾ ಎಂಡೊ ಹುಟ್ಟಿದ. ಮನೆಯಲ್ಲಿ ಅಜ್ಜನಿಗೆ ಔಷಧಿ, ಅಣಬೆ, ಬೂಷ್ಟು ಇವುಗಳ ಬಗ್ಗೆ ವಿಪರೀತ ಆಸಕ್ತಿ. ಯಾವುದು ತಿನ್ನುವ ಅಣಬೆ, ಯಾವುದು ವಿಷದ್ದು ಅಂತ ಮೊಮ್ಮಗನಿಗೆ ಹೇಳಿಕೊಟ್ಟವನು ಅವನೇ. ನಮ್ಮ ಮಲೆನಾಡಿನಲ್ಲಿ ಗುಡುಗು ಬಂದ ಮಾರನೇ ದಿನ ಹುತ್ತದ ಹತ್ತಿರ ಅಣಬೆ ಹುಡುಕಲು ಅಜ್ಜಂದಿರ ಹಿಂದೆ ಹೋದವರಿಗೆ ಈ ಚಿತ್ರ ಅಪರಿಚಿತವಲ್ಲ.

ಆ ಸೀಮೆಯಲ್ಲಿ ಒಂದು ಅಣಬೆ ಇತ್ತು. ಅದು ನೊಣವನ್ನು ಕೊಲ್ಲುತ್ತದೆ, ಮನುಷ್ಯನನ್ನು ಕೊಲ್ಲುವುದಿಲ್ಲ. ಶಾಲೆಗೆ ಹೋಗುವ ಹುಡುಗ ಎಂಡೊ ಅದನ್ನು ತಂದು ಬೇಯಿಸಿದ. ನೊಣ ಕೊಲ್ಲುವ ಗುಣ ಅಣಬೆಯಲ್ಲೇ ಉಳಿಯುತ್ತದೋ, ಬೇಯಿಸಿದ ನೀರಿಗೆ ಇಳಿಯುತ್ತದೋ ಅಂತ ಪರೀಕ್ಷೆ ಮಾಡಿದ. ನೀರಿಗೆ ಇಳಿಯುತ್ತದೆ ಅಂತ ಗೊತ್ತಾಯಿತು. ಹುಡುಗಾಟದ ಪ್ರಯೋಗವೇ ಇರಬಹುದು, ಆದರೆ ಅದರೊಳಗೆ ಅವನ ಮುಂದಿನ ಇಡೀ ಬದುಕು ಇದೆ. ಅಣಬೆ, ಬೂಷ್ಟುಗಳು ಓಡಲಾರವು, ಕಚ್ಚಲಾರವು. ಹಾಗಾಗಿ ಶತ್ರುಗಳ ವಿರುದ್ಧ ರಾಸಾಯನಿಕ ಮಾಡಿಟ್ಟುಕೊಳ್ಳುತ್ತವೆ. ಆ ರಾಸಾಯನಿಕ ಯಾರ ಮೇಲೆ, ಎಷ್ಟು ಪ್ರಮಾಣದಲ್ಲಿ, ಏನು ಮಾಡುತ್ತದೆ ಅನ್ನುವುದೇ ಪ್ರಶ್ನೆ.

ತೊಹೊಕು ವಿಶ್ವವಿದ್ಯಾಲಯದಲ್ಲಿ ಓದುವಾಗ ಎಂಡೊ ಕೈಗೆ ಅಲೆಕ್ಸಾಂಡರ್ ಫ್ಲೆಮಿಂಗ್‌ನ ಜೀವನಚರಿತ್ರೆ ಸಿಕ್ಕಿತು. 1928ರಲ್ಲಿ ಒಂದು ಹಸಿರು ಬೂಷ್ಟಿನಿಂದ ಪೆನಿಸಿಲಿನ್ ಕಂಡವನ ಕಥೆ. ಅಜ್ಜನ ಅಣಬೆ, ಫ್ಲೆಮಿಂಗ್‌ನ ಬೂಷ್ಟು ಎರಡೂ ತಲೆಯಲ್ಲಿ ಕೂತವು. 1957ರಲ್ಲಿ ಡಿಗ್ರಿ ಮುಗಿಸಿ ಟೋಕಿಯೋದ ಸಾಂಕ್ಯೋ ಅನ್ನುವ ಔಷಧ ಕಂಪನಿಗೆ ಸೇರಿದ. ಅಲ್ಲಿ ಕೊಟ್ಟ ಕೆಲಸ ಏನು ಗೊತ್ತೇ? ಹಣ್ಣಿನ ರಸ, ವೈನುಗಳನ್ನು ತಿಳಿ ಮಾಡುವ ಪೆಕ್ಟಿನೇಸ್ ಅನ್ನುವ ಕಿಣ್ವ ಯಾವ ಬೂಷ್ಟಿನಲ್ಲಿ ಚೆನ್ನಾಗಿ ಸಿಗುತ್ತದೆ ಅಂತ ಹುಡುಕುವುದು. ಇನ್ನೂರಕ್ಕೂ ಹೆಚ್ಚು ಬೂಷ್ಟುಗಳನ್ನು ಜಾಲಾಡಿ ಒಂದನ್ನು ಹಿಡಿದ, ಕಂಪನಿ ಅದನ್ನು ಮಾರಾಟಕ್ಕೂ ತಂದಿತು. ಬೂಷ್ಟುಗಳ ಜೊತೆ ತಾಳ್ಮೆಯಿಂದ ಕೂತು ಕೆಲಸ ತೆಗೆಯುವುದು ಅವನಿಗೆ ಒಲಿದದ್ದು ಹೀಗೆ.

1966ರಲ್ಲಿ ಎಂಡೊ ನ್ಯೂಯಾರ್ಕಿಗೆ ಹೋದ. ಆಲ್ಬರ್ಟ್ ಐನ್‌ಸ್ಟೈನ್ ವೈದ್ಯಕೀಯ ಕಾಲೇಜಿನಲ್ಲಿ ಎರಡು ವರ್ಷ. ಅಕಿತಾದಿಂದ ಬಂದವನಿಗೆ ಅಲ್ಲಿನ ಊಟದ ತಟ್ಟೆ ನೋಡಿಯೇ ಗಾಬರಿ. ಜನರ ಮೈಕಟ್ಟು, ಹಗಲು ರಾತ್ರಿ ಓಡಾಡುವ ಆಂಬುಲೆನ್ಸ್. ಹೃದಯಾಘಾತ ಅಮೆರಿಕದಲ್ಲಿ ಸಾವಿಗೆ ಮೊದಲ ಕಾರಣವಾಗಿದ್ದ ಕಾಲ. ರಕ್ತದಲ್ಲಿ ಕೊಲೆಸ್ಟರಾಲ್ ಹೆಚ್ಚಿದ್ದವರಿಗೆ ಅಪಾಯ ಹೆಚ್ಚು ಅಂತ 1948ರಲ್ಲಿ ಶುರುವಾದ ಫ್ರೇಮಿಂಗ್‌ಹ್ಯಾಮ್ ಅಧ್ಯಯನ ತೋರಿಸಿತ್ತು. ಆದರೆ ಅದನ್ನು ಇಳಿಸಲು ಹೇಳಿಕೊಳ್ಳುವಂಥ ಔಷಧ ಇರಲಿಲ್ಲ.

*

ಇಲ್ಲಿ ಸ್ವಲ್ಪ ಬಯಾಲಜಿ. ನನಗೇ ಅರ್ಥವಾಗಿದೆ ಅಂದಮೇಲೆ ನಿಮಗೆ ಖಂಡಿತ ಆಗುತ್ತೆ.

ಕೊಲೆಸ್ಟರಾಲ್ ಅಂದರೆ ತುಪ್ಪ, ಮೊಟ್ಟೆಯಿಂದ ಬರುವುದು ಅಂತ ನಾವು ತಿಳಿದಿರುತ್ತೇವೆ. ನಿಜ ಏನಂದರೆ ಹೆಚ್ಚಿನ ಪಾಲನ್ನು ನಮ್ಮ ಮೈಯೇ ತಯಾರು ಮಾಡಿಕೊಳ್ಳುತ್ತದೆ. ಜೀವಕೋಶದ ಪೊರೆಗೆ ಬೇಕು, ಹಾರ್ಮೋನುಗಳಿಗೆ ಬೇಕು, ಪಿತ್ತರಸಕ್ಕೆ ಬೇಕು. ತಯಾರಿಕೆ ಸುಮಾರು ಮೂವತ್ತು ಹಂತಗಳ ಅಸೆಂಬ್ಲಿ ಲೈನು. ಒಂದೊಂದು ಹಂತಕ್ಕೂ ಒಂದೊಂದು ಕಿಣ್ವ. ಈ ದಾರಿಯನ್ನು ಬಿಡಿಸಿಟ್ಟದ್ದಕ್ಕೆ ಕೊನ್ರಾಡ್ ಬ್ಲಾಕ್ ಮತ್ತು ಫಿಯೋಡೋರ್ ಲೀನನ್ ಅವರಿಗೆ 1964ರಲ್ಲಿ ನೊಬೆಲ್ ಬಂತು.

ಈ ಮೂವತ್ತು ಹಂತಗಳಲ್ಲಿ ಶುರುವಿನ ಒಂದು ಹಂತ ಮಾತ್ರ ಇಡೀ ಲೈನಿನ ವೇಗವನ್ನು ತೀರ್ಮಾನಿಸುತ್ತದೆ. ಅಲ್ಲಿ ಕೂತಿರುವ ಕಿಣ್ವದ ಹೆಸರು ಎಚ್‌ಎಂಜಿ-ಕೋಎ ರಿಡಕ್ಟೇಸ್. ಹೆಸರು ಕೇಳಿ ಹೆದರಬೇಡಿ, ಕೆರೆಯ ತೂಬು ಅಂದುಕೊಳ್ಳಿ. ಕಾಲುವೆ ಎಷ್ಟೇ ಉದ್ದ ಇರಲಿ, ನೀರು ಎಷ್ಟು ಹರಿಯಬೇಕು ಅನ್ನುವುದು ತೂಬಿನಲ್ಲಿ ನಿರ್ಧಾರ ಆಗುತ್ತೆ. ಆ ತೂಬಿಗೆ ಬಿರಟೆ ಹಾಕುವ ವಸ್ತು ಸಿಕ್ಕರೆ?

ಎಂಡೊನ ತರ್ಕ ಕೇಳಿ. ಕೆಲವು ಸೂಕ್ಷ್ಮಜೀವಿಗಳಿಗೆ ಬದುಕಲು ಇದೇ ದಾರಿಯಲ್ಲಿ ತಯಾರಾಗುವ ವಸ್ತುಗಳು ಬೇಕೇ ಬೇಕು. ಹಾಗಿದ್ದರೆ ಅವುಗಳ ಜೊತೆ ಅನ್ನಕ್ಕಾಗಿ ಗುದ್ದಾಡುವ ಯಾವುದೋ ಒಂದು ಬೂಷ್ಟು, ಎದುರಾಳಿಯ ಆ ತೂಬಿಗೇ ಬಿರಟೆ ಹಾಕುವ ರಾಸಾಯನಿಕ ತಯಾರಿಸಿಟ್ಟುಕೊಂಡಿರಬಹುದಲ್ಲ? ಇದ್ದೇ ಇರುತ್ತೆ ಅಂತ ಯಾರೂ ಖಾತ್ರಿ ಕೊಟ್ಟಿರಲಿಲ್ಲ. ಬರೀ ಊಹೆ. ಆ ಊಹೆಯನ್ನು ನಂಬಿ 1971ರ ಏಪ್ರಿಲ್‌ನಲ್ಲಿ ಸಾಂಕ್ಯೋದ ಲ್ಯಾಬಿನಲ್ಲಿ ಸಹೋದ್ಯೋಗಿ ಮಸಾವೊ ಕುರೊಡಾ ಮತ್ತು ಇನ್ನಿಬ್ಬರು ಸಹಾಯಕರ ಜೊತೆ ಹುಡುಕಾಟ ಶುರು ಮಾಡಿದ. ಒಂದೊಂದೇ ಬೂಷ್ಟನ್ನು ಬೆಳೆಸುವುದು, ಅದರ ರಸ ತೆಗೆಯುವುದು, ಕೊಲೆಸ್ಟರಾಲ್ ತಯಾರಿಕೆ ನಿಲ್ಲುತ್ತದೋ ನೋಡುವುದು. ಇಲ್ಲ. ಮುಂದಿನದು. ಇಲ್ಲ. ಮುಂದಿನದು. ಎರಡು ವರ್ಷದಲ್ಲಿ ಸುಮಾರು 6,000 ಬಗೆ! ನಾನು ಒಂದು ಬಗ್ ಹಿಂದೆ ಮೂರು ದಿನ ಕೂತರೆ ಮ್ಯಾನೇಜರ್ ಮುಖ ನೋಡಲು ಆಗುವುದಿಲ್ಲ.

ಮಧ್ಯದಲ್ಲಿ ಒಂದು ಸಿಕ್ಕಿತು. ಕಿಣ್ವವನ್ನು ಗಟ್ಟಿಯಾಗಿಯೇ ತಡೆಯುತ್ತಿತ್ತು. ಅದರ ಹೆಸರು ಸಿಟ್ರಿನಿನ್. ಆದರೆ ಅದು ಮೂತ್ರಪಿಂಡಕ್ಕೆ ವಿಷ. ಕೈಬಿಟ್ಟರು. (ಈ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತೆ.)

1972ರ ಬೇಸಿಗೆಯಲ್ಲಿ ಇನ್ನೊಂದು. ಕ್ಯೋಟೋದ ಒಂದು ದಿನಸಿ ಅಂಗಡಿಯ ಅಕ್ಕಿಯಲ್ಲಿ ಸಿಕ್ಕ ನೀಲಿ-ಹಸಿರು ಬೂಷ್ಟು, ಪೆನಿಸಿಲಿಯಂ ಸಿಟ್ರಿನಂ. ಫ್ಲೆಮಿಂಗ್‌ನ ಬೂಷ್ಟಿನ ದಾಯಾದಿಯೇ. ಅದರಿಂದ 1973ರಲ್ಲಿ ಬೇರ್ಪಡಿಸಿದ ವಸ್ತುವಿಗೆ ಎಂಎಲ್-236ಬಿ ಅಂತ ಹೆಸರಿಟ್ಟರು. ಆಮೇಲೆ ಬಂದ ಹೆಸರು ಕಾಂಪ್ಯಾಕ್ಟಿನ್. ಕಿಣ್ವ ಹಿಡಿಯಬೇಕಾದ ಅಣುವಿನ ವೇಷವನ್ನೇ ಈ ವಸ್ತುವಿನ ಒಂದು ತುದಿ ಹಾಕಿಕೊಂಡಿತ್ತು. ಕಿಣ್ವ ಮೋಸಹೋಗಿ ಅದನ್ನು ಅಪ್ಪಿಕೊಳ್ಳುತ್ತದೆ, ನಿಜವಾದ ಅಣುವಿಗೆ ಜಾಗ ಇಲ್ಲ. ತೂಬು ಬಂದ್.

ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

*

ಇಲಿಗಳಿಗೆ ಕೊಟ್ಟರು. ಕೊಲೆಸ್ಟರಾಲ್ ಇಳಿಯಲೇ ಇಲ್ಲ. ಗಾಜಿನ ನಳಿಕೆಯಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದು ಇಲಿಯ ಮೈಯಲ್ಲಿ ಮಾಡುತ್ತಿಲ್ಲ. ಕಾರಣ ಗೊತ್ತಾದದ್ದು ಆಮೇಲೆ. ಇಲಿಯ ಪಿತ್ತಜನಕಾಂಗ ಒಂದು ತೂಬು ಮುಚ್ಚಿದರೆ ಹತ್ತು ತೂಬು ತೆಗೆಯುತ್ತದೆ, ಅಂದರೆ ಆ ಕಿಣ್ವವನ್ನೇ ಹಲವು ಪಟ್ಟು ಹೆಚ್ಚು ತಯಾರಿಸಿಬಿಡುತ್ತದೆ. ಆದರೆ 1974ರಲ್ಲಿ ಕಂಪನಿಯವರಿಗೆ ಕಂಡದ್ದು ಫಲಿತಾಂಶ ಮಾತ್ರ. ಇಲಿಯಲ್ಲಿ ಕೆಲಸ ಮಾಡದ್ದು ಔಷಧ ಹೇಗಾದೀತು? ಪ್ರಾಜೆಕ್ಟ್ ಹೆಚ್ಚುಕಡಿಮೆ ಸತ್ತಂತೆಯೇ.

ಅದನ್ನು ಉಳಿಸಿದ್ದು ಒಂದು ಬಾರು. ಲ್ಯಾಬಿನ ಹತ್ತಿರದ ಬಾರಿನಲ್ಲಿ ಎಂಡೊಗೆ ಅದೇ ಕಂಪನಿಯ ನೊರಿತೊಶಿ ಕಿತಾನೊ ಅನ್ನುವ ಸಹೋದ್ಯೋಗಿ ಸಿಕ್ಕ. ಅವನ ಬಳಿ ಬೇರೆ ಪ್ರಯೋಗ ಮುಗಿಸಿದ ಮೊಟ್ಟೆಕೋಳಿಗಳಿದ್ದವು, ಸದ್ಯದಲ್ಲೇ ಕೊಲ್ಲುವವರಿದ್ದರು. ಮೊಟ್ಟೆಯಲ್ಲಿ ಕೊಲೆಸ್ಟರಾಲ್ ತುಂಬಿರುತ್ತೆ, ಅಂದಮೇಲೆ ಕೋಳಿಯ ಮೈಯಲ್ಲಿ ಅದರ ತಯಾರಿಕೆಯೂ ಜೋರಾಗಿರಬೇಕಲ್ಲ? 1976ರಲ್ಲಿ ಕೋಳಿಯ ಆಹಾರಕ್ಕೆ ಕಾಂಪ್ಯಾಕ್ಟಿನ್ ಬೆರೆಸಿದರು. ಕೆಲವೇ ವಾರಗಳಲ್ಲಿ ರಕ್ತದ ಕೊಲೆಸ್ಟರಾಲ್ ಸುಮಾರು ಅರ್ಧಕ್ಕೆ ಇಳಿಯಿತು. ಕೋಳಿಗಳು ಆರಾಮಾಗಿ ಮೊಟ್ಟೆ ಇಡುತ್ತಲೇ ಇದ್ದವು. ನಾಯಿಗಳಲ್ಲೂ ಇಳಿಯಿತು.

ಅದೇ 1976ರಲ್ಲಿ ಬ್ರಿಟನ್ನಿನ ಬೀಚಂ ಕಂಪನಿಯವರೂ ಬೇರೊಂದು ಪೆನಿಸಿಲಿಯಂನಿಂದ ಇದೇ ವಸ್ತುವನ್ನು ಬೇರ್ಪಡಿಸಿ ಪ್ರಕಟಿಸಿದರು. ಆದರೆ ಅದನ್ನು ಬೂಷ್ಟುನಾಶಕ ಅಂತ ವಿವರಿಸಿ ಮುಂದಕ್ಕೆ ಹೋದರು. ಒಂದೇ ವಸ್ತು ಇಬ್ಬರ ಕೈಯಲ್ಲೂ ಇತ್ತು, ಏನು ಹುಡುಕುತ್ತಿದ್ದೇನೆ ಅಂತ ಗೊತ್ತಿದ್ದದ್ದು ಒಬ್ಬನಿಗೆ.

ಈಗ ಈ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸಿದ ಭಾಗ. 1978ರ ಫೆಬ್ರವರಿ. ಒಸಾಕಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಅಕಿರಾ ಯಾಮಾಮೊಟೊ ಅನ್ನುವ ವೈದ್ಯರ ಬಳಿ 18 ವರ್ಷದ ಒಬ್ಬಳು ಹುಡುಗಿ ಇದ್ದಳು. ಹುಟ್ಟಿನಿಂದಲೇ ಬಂದ ವಂಶವಾಹಿ ದೋಷ, ರಕ್ತದ ಕೊಲೆಸ್ಟರಾಲ್ ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು. ಇಂಥವರು ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತಕ್ಕೆ ತುತ್ತಾಗುತ್ತಾರೆ. ಬೇರೆ ದಾರಿ ಇಲ್ಲದೆ ಅವಳಿಗೆ ಕಾಂಪ್ಯಾಕ್ಟಿನ್ ಕೊಟ್ಟರು, ದಿನಕ್ಕೆ 500 ಮಿಲಿಗ್ರಾಂ. ಕೊಲೆಸ್ಟರಾಲ್ ಸುಮಾರು ಶೇಕಡ 27ರಷ್ಟು ಇಳಿಯಿತು. ಜೊತೆಗೆ ಇನ್ನೊಂದೂ ಆಯಿತು: ಅವಳ ಸ್ನಾಯುಗಳು ನಿಶ್ಶಕ್ತವಾದವು.

ಅಂದರೆ ಅಪ್ಪನ ಕಾಲುನೋವು ಈ ಔಷಧದ ಚರಿತ್ರೆಯ ಮೊಟ್ಟಮೊದಲ ರೋಗಿಯ ಕಾಲದಿಂದಲೂ ಗೊತ್ತಿರುವ ಸಂಗತಿ! ಯಾಮಾಮೊಟೊ ಅವಳನ್ನು ನೋಡಿ ನಕ್ಕು ಕಳಿಸಲಿಲ್ಲ. ಔಷಧ ನಿಲ್ಲಿಸಿದರು, ಅವಳು ಸುಧಾರಿಸಿಕೊಂಡಳು, ಆಮೇಲೆ ಕಡಿಮೆ ಡೋಸಿನಲ್ಲಿ ಮತ್ತೆ ಶುರು ಮಾಡಿದರು. ಬೇರೆ ರೋಗಿಗಳಿಗೆ ಕಡಿಮೆ ಡೋಸ್ ಕೊಟ್ಟಾಗ ಕೊಲೆಸ್ಟರಾಲ್ ಸುಮಾರು ಶೇಕಡ 30ರಷ್ಟು ಇಳಿಯಿತು, ದೊಡ್ಡ ತೊಂದರೆ ಕಾಣಲಿಲ್ಲ.

*

ಮುಂದಿನದು ಕಂಪನಿಗಳ ಓಟದ ಕಥೆ, ಬೇಗ ಹೇಳಿ ಮುಗಿಸುತ್ತೇನೆ.

ಸಾಂಕ್ಯೋ ಕಾಂಪ್ಯಾಕ್ಟಿನ್‌ನ ಮಾದರಿ ಮತ್ತು ಮಾಹಿತಿಯನ್ನು ಅಮೆರಿಕದ ಮರ್ಕ್ ಕಂಪನಿಗೆ ಒಪ್ಪಂದದ ಮೇಲೆ ಕೊಟ್ಟಿತ್ತು. ಮರ್ಕ್‌ನ ಆಲ್ಫ್ರೆಡ್ ಆಲ್ಬರ್ಟ್ಸ್ ಮತ್ತು ರಾಯ್ ವೆಜಿಲೋಸ್ ತಂಡ 1978ರ ನವೆಂಬರ್‌ನಲ್ಲಿ ಆಸ್ಪರ್ಜಿಲ್ಲಸ್ ಟೆರಿಯಸ್ ಅನ್ನುವ ಬೇರೊಂದು ಬೂಷ್ಟಿನಲ್ಲಿ ಇದರ ತಮ್ಮನಂಥ ಅಣುವನ್ನು ಕಂಡುಹಿಡಿಯಿತು. ಅದೇ ಲೋವಾಸ್ಟಾಟಿನ್. ಮುಂದಿನ ತಿಂಗಳೇ ಎಂಡೊ ಸಾಂಕ್ಯೋ ಬಿಟ್ಟು ಟೋಕಿಯೋದ ಕೃಷಿ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೆ ಹೋದ. 1979ರ ಫೆಬ್ರವರಿಯಲ್ಲಿ ಮೊನಾಸ್ಕಸ್ ಅನ್ನುವ ಕೆಂಪು ಬೂಷ್ಟಿನಲ್ಲಿ ಮೊನಾಕೊಲಿನ್-ಕೆ ಅನ್ನುವ ವಸ್ತು ಕಂಡ. ನೋಡಿದರೆ ಅದೂ ಲೋವಾಸ್ಟಾಟಿನ್ ಎರಡೂ ಒಂದೇ!

1980ರಲ್ಲಿ ಸಾಂಕ್ಯೋ ಕಾಂಪ್ಯಾಕ್ಟಿನ್ ಪ್ರಯೋಗಗಳನ್ನು ನಿಲ್ಲಿಸಿತು. ತೀರಾ ಹೆಚ್ಚು ಡೋಸ್ ಕೊಟ್ಟ ನಾಯಿಗಳಲ್ಲಿ ಗಡ್ಡೆ ಕಂಡಿತು ಅನ್ನುವುದು ಕಾರಣ. ಸುದ್ದಿ ಕಿವಿಗೆ ಬಿದ್ದು ಮರ್ಕ್ ಕೂಡ ನಿಲ್ಲಿಸಿತು. ಹತ್ತು ವರ್ಷದ ಕೆಲಸ ಗೋಡೆಗೆ ಒರಗಿತು. ಆಗ ಹಿಂದೆ ಬಿದ್ದು ಅದನ್ನು ಎಬ್ಬಿಸಿದವರಲ್ಲಿ ಟೆಕ್ಸಾಸಿನ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಪ್ರಮುಖರು. ತೂಬು ಮುಚ್ಚಿದರೆ ಲಾಭ ಎರಡು ಅಂತ ಅವರ ಕೆಲಸದಿಂದ ಸ್ಪಷ್ಟವಾಯಿತು. ತಯಾರಿಕೆ ಕಡಿಮೆಯಾಯಿತು ಅಂತ ತಿಳಿದ ಪಿತ್ತಜನಕಾಂಗ ತನ್ನ ಮೈಮೇಲೆ ಹೆಚ್ಚು ರಿಸೆಪ್ಟರುಗಳನ್ನು ಇಟ್ಟುಕೊಂಡು ರಕ್ತದಲ್ಲಿರುವ ಕೆಟ್ಟ ಕೊಲೆಸ್ಟರಾಲ್ ಅನ್ನು, ಅಂದರೆ ಎಲ್‌ಡಿಎಲ್ ಅನ್ನು, ಎಳೆದುಕೊಳ್ಳುತ್ತದೆ. ಇಬ್ಬರಿಗೂ 1985ರಲ್ಲಿ ನೊಬೆಲ್ ಬಂತು. ಮರ್ಕ್ ಪ್ರಯೋಗಗಳನ್ನು ಮತ್ತೆ ಶುರು ಮಾಡಿತು, 1987ರ ಸೆಪ್ಟೆಂಬರ್‌ನಲ್ಲಿ ಲೋವಾಸ್ಟಾಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಸಾಂಕ್ಯೋ ಕಾಂಪ್ಯಾಕ್ಟಿನ್ ಅನ್ನೇ ಸ್ವಲ್ಪ ಮಾರ್ಪಡಿಸಿ ಪ್ರವಾಸ್ಟಾಟಿನ್ ಅಂತ 1989ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿತು.

ಆದರೂ ದೊಡ್ಡ ಪ್ರಶ್ನೆ ಹಾಗೇ ಇತ್ತು. ಕೊಲೆಸ್ಟರಾಲ್ ಇಳಿಯುತ್ತೆ ಸರಿ, ಸಾವು ತಪ್ಪುತ್ತದೆಯೇ? ಅದಕ್ಕೆ ಉತ್ತರ 1994ರಲ್ಲಿ ಸ್ಕ್ಯಾಂಡಿನೇವಿಯಾದಿಂದ ಬಂತು. ಹೃದ್ರೋಗ ಇದ್ದ 4,444 ಜನರನ್ನು ಎರಡು ಗುಂಪು ಮಾಡಿ ಐದು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದರು. ಖಾಲಿ ಮಾತ್ರೆ ತಿಂದ ಗುಂಪಿನಲ್ಲಿ 256 ಜನ ತೀರಿಕೊಂಡರು. ಸಿಮ್ವಾಸ್ಟಾಟಿನ್ ತಿಂದ ಗುಂಪಿನಲ್ಲಿ 182. ಆ 74ರ ವ್ಯತ್ಯಾಸ ನೋಡಿ ಲೆಕ್ಕದ ಮೇಷ್ಟ್ರಿಗೆ ಹೇಳಲು ನನಗೊಂದು ಪಾಯಿಂಟು ಸಿಕ್ಕಿತು.

ಈ ಕಥೆಯಲ್ಲಿ ನಮ್ಮೂರೂ ಇದೆ. 1978ರ ನವೆಂಬರ್‌ನಲ್ಲಿ, ಮರ್ಕ್‌ಗೆ ಲೋವಾಸ್ಟಾಟಿನ್ ಸಿಕ್ಕ ಅದೇ ತಿಂಗಳು, ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಬಯೋಕಾನ್ ಶುರು ಮಾಡಿದರು. ಕೋರಮಂಗಲದ ಒಂದು ಗ್ಯಾರೇಜು, ಪರಂಗಿಯಿಂದ ತೆಗೆಯುವ ಪಪೈನ್ ಕಿಣ್ವ, ಬಿಯರ್ ತಿಳಿ ಮಾಡಲು ಬಳಸುವ ಮೀನಿನ ಅಂಟು. ಎಂಡೊ ಹಣ್ಣಿನ ರಸ ತಿಳಿ ಮಾಡುತ್ತಾ ಶುರು ಮಾಡಿದ ಹಾಗೆಯೇ! 2001ರಲ್ಲಿ ಲೋವಾಸ್ಟಾಟಿನ್ ತಯಾರಿಕೆಗೆ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆದ ಮೊದಲ ಭಾರತೀಯ ಕಂಪನಿ ಬಯೋಕಾನ್. ಸಾಫ್ಟ್‌ವೇರ್ ಬಿಟ್ಟರೆ ಬೆಂಗಳೂರಲ್ಲಿ ಏನಿದೆ ಅನ್ನುವವರಿಗೆ ಇದು ಗೊತ್ತಿರಲಿ.

*

ಸರಿ, ಹಾಗಾದರೆ ಡಬ್ಬಿಯ ಅಣಬೆ?

ಅಪ್ಪನ ಮಾತು ಪೂರ್ತಿ ಸುಳ್ಳಲ್ಲ. 1966ರಲ್ಲೇ ಜಪಾನಿನ ಕನೆಡಾ ಮತ್ತು ತೊಕುಡಾ ಅನ್ನುವವರು ಇಲಿಗಳಿಗೆ ಅಣಬೆ ತಿನ್ನಿಸಿ ಶಿಟಾಕೆ ಅಣಬೆಯಿಂದ ಕೊಲೆಸ್ಟರಾಲ್ ಇಳಿಯುತ್ತದೆ ಅಂತ ತೋರಿಸಿದ್ದರು. 1969ರ ಹೊತ್ತಿಗೆ ಅದರೊಳಗಿನ ಎರಿಟಡೆನೀನ್ ಅನ್ನುವ ವಸ್ತು ಬೇರ್ಪಟ್ಟಿತು. ಇದು ನಮ್ಮ ತೂಬಿನ ತಂಟೆಗೆ ಹೋಗುವುದಿಲ್ಲ, ಪಿತ್ತಜನಕಾಂಗದ ಬೇರೊಂದು ಕಿಣ್ವವನ್ನು ತಡೆದು ಅಲ್ಲಿನ ಕೊಬ್ಬಿನ ಸಮತೋಲವನ್ನು ಬದಲಿಸುತ್ತದೆ. 1986ರಲ್ಲಿ ರೀಶಿ ಅಣಬೆಯ ಕೆಲವು ವಸ್ತುಗಳು ರಕ್ತದೊತ್ತಡ ಏರಿಸುವ ಎಸಿಇ ಅನ್ನುವ ಕಿಣ್ವವನ್ನು ನಳಿಕೆಯಲ್ಲಿ ತಡೆಯುತ್ತವೆ ಅಂತ ಗೊತ್ತಾಯಿತು. 1990ರ ದಶಕದಲ್ಲಿ ಸ್ಲೊವೇನಿಯಾದ ಸಂಶೋಧಕರು ನಾವು ತಿನ್ನುವ ಆಯ್ಸ್ಟರ್ ಅಣಬೆಯಲ್ಲೇ ಲೋವಾಸ್ಟಾಟಿನ್ ಇದೆ ಅಂತ ವರದಿ ಮಾಡಿದರು.

ಆದರೆ ಎಂಡೊನ ಇಲಿಗಳನ್ನು ನೆನಪಿಸಿಕೊಳ್ಳಿ. ನಳಿಕೆಯಲ್ಲಿ ಆದದ್ದು ಮೈಯಲ್ಲಿ ಆಗಬೇಕಿಲ್ಲ, ಇಲಿಯಲ್ಲಿ ಆದದ್ದು ಮನುಷ್ಯನಲ್ಲಿ ಆಗಬೇಕಿಲ್ಲ. 2011ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ಎಚ್‌ಐವಿ ಔಷಧಗಳಿಂದ ಕೊಲೆಸ್ಟರಾಲ್ ಏರಿದವರಿಗೆ ದಿನಾ 15 ಗ್ರಾಂ ಒಣ ಆಯ್ಸ್ಟರ್ ಅಣಬೆಯನ್ನು ಎಂಟು ವಾರ ಕೊಟ್ಟರು. ಕೆಟ್ಟ ಕೊಲೆಸ್ಟರಾಲ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2015ರಲ್ಲಿ ಕಾಕ್ರೇನ್ ಸಂಸ್ಥೆ ರೀಶಿ ಬಗ್ಗೆ ಐದು ಪ್ರಯೋಗಗಳನ್ನು, ಒಟ್ಟು 398 ಜನರ ವಿವರಗಳನ್ನು ಪರಿಶೀಲಿಸಿ, ಹೃದ್ರೋಗದ ಅಪಾಯ ತಗ್ಗಿಸಲು ಇದನ್ನು ಬಳಸಿ ಅನ್ನುವುದಕ್ಕೆ ಆಧಾರ ಇಲ್ಲ ಅಂದಿತು. ಅಣಬೆಯೊಳಗೆ ವಸ್ತು ಎಷ್ಟಿರುತ್ತದೆ ಅನ್ನುವುದು ತಳಿ, ಬೆಳೆಸಿದ ರೀತಿ, ಒಣಗಿಸಿದ ರೀತಿಯ ಮೇಲೆ ಬದಲಾಗುತ್ತದೆ. ಅಪ್ಪನ ಡಬ್ಬಿಯ ಮೇಲೆ ಇಷ್ಟು ಮಿಲಿಗ್ರಾಂ ಅಂತ ಎಲ್ಲೂ ಬರೆದಿರಲಿಲ್ಲ. ಹೃದಯದ ಚಿತ್ರ ಮಾತ್ರ ಚೆನ್ನಾಗಿತ್ತು.

ಇನ್ನು "ನೈಸರ್ಗಿಕ" ಅನ್ನುವ ಪದ. ಎಂಡೊ ಮೊನಾಕೊಲಿನ್ ಕಂಡ ಆ ಕೆಂಪು ಬೂಷ್ಟು ಚೀನಾ, ಜಪಾನಿನಲ್ಲಿ ನೂರಾರು ವರ್ಷದಿಂದ ಅಕ್ಕಿಯ ಮೇಲೆ ಬೆಳೆಸಿ ತಿನ್ನುವಂಥದ್ದು. ಚೀನಾದ ಲಿ ಶಿಝೆನ್‌ನ 1596ರ ಔಷಧ ಗ್ರಂಥದಲ್ಲೂ ಈ ಕೆಂಪಕ್ಕಿ ಇದೆ. ಅದರ ಕೆಲವು ತಳಿಗಳು ಲೋವಾಸ್ಟಾಟಿನ್ ಜೊತೆಗೆ ಸಿಟ್ರಿನಿನ್ ಕೂಡ ತಯಾರಿಸುತ್ತವೆ. ನೆನಪಿದೆಯಲ್ಲ, ಎಂಡೊ 1972ರಲ್ಲಿ ಕೈಬಿಟ್ಟ ಅದೇ ಮೂತ್ರಪಿಂಡದ ವಿಷ. 2024ರ ಮಾರ್ಚಿನಲ್ಲಿ ಜಪಾನಿನ ಕೊಬಯಾಶಿ ಕಂಪನಿ ಕೊಲೆಸ್ಟರಾಲ್‌ಗೆಂದು ಮಾರುತ್ತಿದ್ದ ಕೆಂಪಕ್ಕಿ ಮಾತ್ರೆಗಳನ್ನು ವಾಪಸ್ ತರಿಸಿಕೊಂಡಿತು. ತಿಂದವರ ಮೂತ್ರಪಿಂಡ ಕೆಟ್ಟು ನೂರಾರು ಜನ ಆಸ್ಪತ್ರೆ ಸೇರಿದ್ದರು. ಈ ಸಲ ಸಿಟ್ರಿನಿನ್ ಅಲ್ಲ, ಕಾರ್ಖಾನೆಯಲ್ಲಿ ಸೇರಿಕೊಂಡ ಬೇರೊಂದು ನೀಲಿ ಬೂಷ್ಟಿನ ಪ್ಯೂಬೆರುಲಿಕ್ ಆಮ್ಲ. ಅದೂ ಪೂರ್ತಿ ನೈಸರ್ಗಿಕವೇ!

ಹಾಗಂತ ಮಾತ್ರೆಯವರೆಲ್ಲ ಸಾಚಾ ಅಂತಲೂ ಅಲ್ಲ. ಸೆರಿವಾಸ್ಟಾಟಿನ್ ಅನ್ನುವ ಇದೇ ಜಾತಿಯ ಔಷಧವನ್ನು ಸ್ನಾಯು ಕರಗಿ ಸಾವುಗಳಾದ ಮೇಲೆ ಬೇಯರ್ ಕಂಪನಿ 2001ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ವ್ಯತ್ಯಾಸ ಇಷ್ಟೇ, ಅಲ್ಲಿ ಎಷ್ಟು ಕೊಟ್ಟೆವು, ಎಷ್ಟು ಜನಕ್ಕೆ ಏನಾಯಿತು ಅಂತ ಲೆಕ್ಕ ಇಟ್ಟಿದ್ದರು. ಲೆಕ್ಕ ಇದ್ದದ್ದರಿಂದಲೇ ತಪ್ಪು ಸಿಕ್ಕಿತು.

*

ಮುಂದಿನ ಶನಿವಾರ ಮತ್ತೆ ಊರಿಗೆ ಹೋದೆ. ಜಗಲಿಯಲ್ಲಿ ಕೂತು ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಈ ಸಲ ಸಿಟ್ಟಿರಲಿಲ್ಲ, ಕಥೆ ಇತ್ತು.

"ಹಂಗಾದ್ರೆ ನನ್ನ ಮಾತ್ರೇನೂ ಬೂಷ್ಟೇ ಅನ್ನು" ಅಂದರು ಅಪ್ಪ. ಪೂರ್ತಿ ಅಲ್ಲ ಅಂದೆ. ಅಪ್ಪನದು ಅಟೊರ್ವಾಸ್ಟಾಟಿನ್, ಕಾರ್ಖಾನೆಯಲ್ಲೇ ತಯಾರಾಗುವುದು. ಆದರೆ ಕಿಣ್ವವನ್ನು ಅಪ್ಪಿಕೊಳ್ಳುವ ಆ ತುದಿ ಇದೆಯಲ್ಲ, ಅದು ಬೂಷ್ಟಿನಿಂದ ಕಲಿತ ವೇಷವೇ.

"ಅವನಿಗೆ ದುಡ್ಡೆಷ್ಟು ಸಿಕ್ತು?"

"ಏನೂ ಇಲ್ಲ ಅಪ್ಪಾ. ಸ್ಟಾಟಿನ್‌ಗಳಿಂದ ಕಂಪನಿಗಳು ಕೋಟಿಗಟ್ಟಲೆ ಡಾಲರ್ ಮಾಡಿದವು. ಅವನಿಗೆ ಒಂದು ಪಾಲೂ ಬರಲಿಲ್ಲ. 2006ರಲ್ಲಿ ಜಪಾನ್ ಪ್ರಶಸ್ತಿ, 2008ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ನೊಬೆಲ್ ಬರಲಿಲ್ಲ. 2024ರ ಜೂನ್ 5ಕ್ಕೆ ತೀರಿಕೊಂಡ, 90 ವರ್ಷ."

ಅಪ್ಪ ಸ್ವಲ್ಪ ಹೊತ್ತು ಅಂಗಳ ನೋಡುತ್ತಾ ಕೂತಿದ್ದರು. ಆಮೇಲೆ ಕೇಳಿದ್ದು ನಾನು ನಿರೀಕ್ಷಿಸದ ಪ್ರಶ್ನೆ. "ಆ ಹುಡುಗಿಗೆ ಕಾಲು ಸೋತಾಗ ಏನು ಮಾಡಿದ್ರು ಅಂದೆ?"

"ಡೋಸ್ ಕಡಿಮೆ ಮಾಡಿದ್ರು."

"ಹಂಗಾದ್ರೆ ನಂಗೂ ಮಾಡಬಹುದಲ್ಲ. ಯಾರೂ ಹೇಳಲೇ ಇಲ್ಲ."

ಇದು ನನಗೆ ಚುಚ್ಚಿದ ಮಾತು. ಅಪ್ಪ ಡಬ್ಬಿಯ ಹಿಂದೆ ಹೋದದ್ದು ಅಣಬೆಯ ಮೇಲಿನ ನಂಬಿಕೆಯಿಂದಲ್ಲ, ಕಾಲುನೋವಿನ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ ಅನ್ನುವುದಕ್ಕೆ. ಆ ಯಾರೂ ಅನ್ನುವುದರಲ್ಲಿ ನಾನೂ ಇದ್ದೆ. ಫೋನಿನಲ್ಲಿ ಎಷ್ಟು ಸಲ "ಸ್ವಲ್ಪ ವಾಕ್ ಮಾಡಿ ಅಪ್ಪಾ, ಸರಿಹೋಗುತ್ತೆ" ಅಂದಿದ್ದೇನೋ.

ಸೋಮವಾರ ರಜೆ ಹಾಕಿ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತಪರೀಕ್ಷೆಗೆ ಅಪ್ಪನೇ ಒತ್ತಾಯ ಮಾಡಿದ್ದು, ಅಳೆದೇ ನೋಡೋಣ ಅಂತ. ಮಾತ್ರೆ ತಗೊಳ್ಳುತ್ತಿದ್ದಾಗ ಎಲ್‌ಡಿಎಲ್ 68 ಇತ್ತು. ಡಬ್ಬಿಯ ಪುಡಿಯಲ್ಲಿ ಒಂದು ತಿಂಗಳು ಕಳೆದ ಮೇಲೆ 131. ಅಪ್ಪ ಚೀಟಿಯನ್ನು ಎರಡು ಸಲ ಓದಿ, ಮಡಚಿ ಜೇಬಿಗೆ ಇಟ್ಟುಕೊಂಡರು. ಡಾಕ್ಟರು ಸ್ನಾಯುಗಳ ಪರೀಕ್ಷೆಯನ್ನೂ ಮಾಡಿಸಿ, ಬೇರೆ ಸ್ಟಾಟಿನ್‌ಗೆ, ಕಡಿಮೆ ಡೋಸಿಗೆ ಬದಲಾಯಿಸಿದರು. ಈಗ ಕಾಲುನೋವು ಮೊದಲಿನಷ್ಟಿಲ್ಲ ಅಂತಾರೆ. ಮುಂದಿನ ಪರೀಕ್ಷೆ ಇನ್ನೂ ಆಗಬೇಕು.

ನಾನು ಡಾಕ್ಟರ್ ಅಲ್ಲ ಅಂತ ಮತ್ತೊಮ್ಮೆ ಹೇಳಿಬಿಡುತ್ತೇನೆ. ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ, ಶುರುವೂ ಮಾಡಬೇಡಿ. ನಿಮ್ಮ ಮನೆಯ ಅಡುಗೆಮನೆಯಲ್ಲೂ ಇಂಥದೊಂದು ಡಬ್ಬಿ ಇದ್ದರೆ, ಎಸೆಯುವ ಮೊದಲು ಯಾಕೆ ತಂದಿರಿ ಅಂತ ಅಪ್ಪನನ್ನೋ ಅಮ್ಮನನ್ನೋ ಒಂದು ಸಲ ಕೇಳಿ. ಉತ್ತರ ಡಬ್ಬಿಯ ಲೇಬಲ್ಲಿನ ಮೇಲೆ ಇರುವುದಿಲ್ಲ.

ನಮ್ಮ ಡಬ್ಬಿ ಏನಾಯಿತು ಅಂತೀರಾ? ಅಮ್ಮ ಪುಡಿಯನ್ನು ಮಲ್ಲಿಗೆ ಗಿಡದ ಬುಡಕ್ಕೆ ಸುರಿದು, ಡಬ್ಬಿ ತೊಳೆದು, ಸಾಸಿವೆ ತುಂಬಿಸಿಟ್ಟಿದ್ದಾಳೆ. ಲೇಬಲ್ ಮಾತ್ರ ಹಾಗೇ ಇದೆ.